ಗರ್ಟ್ರೂಡ್ ಸ್ಟೈನಳ ಭಾವಚಿತ್ರ: ಪಿಕಾಸೋವಿನ ಒಂದು ಕೃತಿಯ ಪರಿಶೀಲನೆ

ಕೆಲವು ಚಿತ್ರಗಳಿಗೆ ಅವುಗಳ ಸುತ್ತ ಬೆಳೆದ ಕಥೆಯೇ ತೆರೆಯಾಗಿಬಿಡುತ್ತದೆ. ನೋಡುವವನು ಚಿತ್ರದ ಎದುರಿಗೆ ಬರುವ ಮೊದಲೇ ಕಥೆ ಬಂದು ಅಲ್ಲಿ ನಿಂತಿರುತ್ತದೆ. ಅದನ್ನು ನೆನೆದು, ತಲೆದೂಗಿ, ಆತ ಮುಂದಿನ ಚಿತ್ರಕ್ಕೆ ಸಾಗುತ್ತಾನೆ. ಪಾಬ್ಲೋ ಪಿಕಾಸೋ ೧೯೦೫-೦೬ರಲ್ಲಿ ಪ್ಯಾರಿಸಿನಲ್ಲಿ ಬರೆದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಗರ್ಟ್ರೂಡ್ ಸ್ಟೈನಳ ಭಾವಚಿತ್ರಕ್ಕೆ ಈ ಗತಿ ಒದಗಿದೆ. ಕಥೆಯನ್ನು ಬಲ್ಲವರು ಬಹುಮಂದಿ. ಅಮೆರಿಕದ ಆ ಲೇಖಕಿ ಎಂಬತ್ತೋ ತೊಂಬತ್ತೋ ಸಲ ತರುಣ ಚಿತ್ರಕಾರನ ಮುಂದೆ ಕುಳಿತಳು. ಒಂದು ದಿನ ಆತ, ನೋಡಿದರೆ ಆಕೆ ಕಾಣುವುದೇ ಇಲ್ಲವೆಂದು ಸಿಡುಕಿ, ಬರೆದಿದ್ದ ತಲೆಯನ್ನೆಲ್ಲ ಅಳಿಸಿಬಿಟ್ಟನು. ಬೇಸಗೆಯನ್ನು ಸ್ಪೇನಿನಲ್ಲಿ ಕಳೆದು ಹಿಂದಿರುಗಿ, ಆಕೆ ಎದುರಿಗಿಲ್ಲದೆಯೇ ಮುಖವನ್ನು ಬರೆದು ಮುಗಿಸಿದನು. ಚಿತ್ರ ಆಕೆಯಂತಿಲ್ಲವೆಂದು ಎಲ್ಲರೂ ಹೇಳುತ್ತಿದ್ದರೂ ಅದರಿಂದ ಬಾಧಕವಿಲ್ಲ, ಮುಂದೆ ಆಕೆಯೇ ಚಿತ್ರದಂತಾಗುವಳೆಂದು ಹೇಳಿದನು. ಕಥೆ ಸೊಗಸಾಗಿದೆ. ಆದರೆ ಅದರ ಕೊನೆಯ ಮಾತು ಚಿತ್ರವನ್ನು ನೋಡುವ ಕೆಲಸವನ್ನೇ ಅನಗತ್ಯವಾಗಿಸುತ್ತದೆ. ಚಿತ್ರಕಾರನು ಪ್ರವಾದಿಯಾದ ಮೇಲೆ ನೋಡುವವನಿಗೆ ಉಳಿಯುವುದು ನಮಸ್ಕಾರವೊಂದೇ.

ಈ ಕಥೆಯ ಬಹುಭಾಗಕ್ಕೆ ಆಕರ ಯಾವುದೆಂಬುದನ್ನು ಮೊದಲು ನೆನೆಯಬೇಕು. ಅದು ಚಿತ್ರದಲ್ಲಿ ಕುಳಿತಿರುವ ಹೆಂಗಸೇ ಬರೆದ ಪುಸ್ತಕ. ತನ್ನ ಸಂಗಾತಿ ಆಲಿಸ್ ಟೋಕ್ಲಾಸಳ ಆತ್ಮಕಥೆಯೆಂಬ ಹೆಸರಿನಲ್ಲಿ ಸ್ಟೈನ್ ೧೯೩೩ರಲ್ಲಿ ಪ್ರಕಟಿಸಿದ ಆ ಗ್ರಂಥ ಚಿತ್ರ ಮುಗಿದು ಇಪ್ಪತ್ತೇಳು ವರ್ಷಗಳಾದ ಮೇಲಿನದು. ಅಷ್ಟರಲ್ಲಿ ಚಿತ್ರಕಾರನೂ ಪ್ರಸಿದ್ಧ, ಲೇಖಕಿಯೂ ಪ್ರಸಿದ್ಧಿಯನ್ನು ಬಯಸಿದವಳು. ಎಂಬತ್ತು-ತೊಂಬತ್ತು ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಬಹುದು. ೧೯೦೫ರ ಅಕ್ಟೋಬರಿನಿಂದ ೧೯೦೬ರ ಮೇ ತಿಂಗಳಿನ ತನಕ ಎಂದು ಉದಾರವಾಗಿ ಹಿಡಿದರೂ ಸುಮಾರು ಇಪ್ಪತ್ತೆಂಟು ವಾರಗಳಾಗುತ್ತವೆ. ವಾರಕ್ಕೆ ಮೂರು ಸಲದಂತೆ, ಚಳಿಗಾಲದುದ್ದಕ್ಕೂ ಒಂದು ಸಲವೂ ತಪ್ಪದೆ ಕುಳಿತರೆ ಲೆಕ್ಕ ಎಂಬತ್ತನ್ನು ಮುಟ್ಟುತ್ತದೆ. ಅಸಾಧ್ಯವಲ್ಲ, ಆದರೆ ಇದು ದಿನಚರಿಯಿಂದ ತೆಗೆದ ಸಂಖ್ಯೆಯಲ್ಲ, ನೆನಪು ದುಂಡಗೆ ಮಾಡಿಕೊಂಡ ಸಂಖ್ಯೆ. ಹಾಗೆಂದು ಆ ಪುಸ್ತಕವನ್ನು ತಳ್ಳಿಹಾಕುವಂತೆಯೂ ಇಲ್ಲ. ಅದರಲ್ಲಿ ಯಾರೂ ಹೆಚ್ಚಾಗಿ ಎತ್ತಿ ಹೇಳದ ಸಣ್ಣ ಸಂಗತಿಗಳಿವೆ. ಚಿತ್ರಕ್ಕೆ ಹತ್ತಿರವಾದವು ಅವೇ.

ಅವುಗಳಲ್ಲಿ ಒಂದು, ಮೊದಲ ದಿನದ್ದು. ಮೋಮಾರ್ತ್ರ್ ಗುಡ್ಡದ ರಾವಿನ್ಯಾನ್ ಬೀದಿಯಲ್ಲಿದ್ದ ಪಿಕಾಸೋವಿನ ಹಾಳುಬಿದ್ದ ಕೋಣೆಯಲ್ಲಿ ಸ್ಟೈನ್ ದೊಡ್ಡದೊಂದು ಮುರುಕು ತೋಳುಕುರ್ಚಿಯಲ್ಲಿ ಕುಳಿತಿದ್ದಳು; ಆತ ಅಡಿಗೆಮನೆಯ ಸಣ್ಣ ಕುರ್ಚಿಯ ಮೇಲೆ, ಮೂಗು ತಾಗುವಷ್ಟು ಚಿತ್ರಪಟಕ್ಕೆ ಹತ್ತಿರವಾಗಿ ಕುಳಿತು ಕಂದು-ಬೂದು ಬಣ್ಣವೊಂದರಲ್ಲೇ ಕೆಲಸ ತೊಡಗಿದನು. ಆತನ ಒಡನಾಡಿ ಫೆರ್ನಾಂದ್ ಒಲಿವಿಯೇ, ಕುಳಿತವಳಿಗೆ ಬೇಸರವಾಗದಿರಲೆಂದು, ಲಾ ಫೊಂತೇನನ ಕಥೆಗಳನ್ನು ಓದಿ ಹೇಳಲು ಮುಂದಾದಳು. ಆ ದಿನದ ಕೊನೆಗೆ ಬಂದ ಸ್ಟೈನಳ ಸೋದರರೂ ಇತರರೂ ರೇಖಾಚಿತ್ರದ ಸೊಗಸನ್ನು ಕಂಡು ಬೆರಗಾದರು. ಒಬ್ಬನಂತೂ ಅದನ್ನು ಇದ್ದಂತೆಯೇ ಬಿಟ್ಟುಬಿಡಬೇಕೆಂದು ಅಂಗಲಾಚಿದನು. ಪಿಕಾಸೋ ತಲೆಯಲ್ಲಾಡಿಸಿ ಒಲ್ಲೆನೆಂದನು.

ತಲೆ ಅಳಿಸಿದ ಪ್ರಸಂಗಕ್ಕಿಂತ ಇದು ಹೆಚ್ಚು ಅರ್ಥವತ್ತಾದುದು. ಹೋಲಿಕೆ ಮೊದಲ ದಿನವೇ ಸಿಕ್ಕಿತ್ತೆಂಬುದು ಇದರಿಂದ ತಿಳಿಯುತ್ತದೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ ಪಿಕಾಸೋವಿನ ಕೈಗೆ ಯಾರನ್ನಾದರೂ ಯಾರಂತೆಯಾದರೂ ಬರೆಯುವ ಸಲೀಸು ಬಂದಿತ್ತು. ಆದುದರಿಂದ ಮುಂದಿನ ತಿಂಗಳುಗಳ ಕಷ್ಟ ಹೋಲಿಕೆಯನ್ನು ಹಿಡಿಯುವ ಕಷ್ಟವಲ್ಲ. ಸಿಕ್ಕಿದ ಹೋಲಿಕೆಯಿಂದ ತೃಪ್ತನಾಗದವನ ಕಷ್ಟ.

ಇನ್ನು ಚಿತ್ರದ ಕಡೆಗೆ. ಪಟದ ಎತ್ತರ ನೂರು ಸೆಂಟಿಮೀಟರು, ಅಗಲ ಎಂಬತ್ತೊಂದಕ್ಕೆ ಸ್ವಲ್ಪ ಮೇಲೆ. ಕುಳಿತ ದೇಹ ಇಷ್ಟು ಜಾಗವನ್ನು ತುಂಬಿಕೊಂಡಿರುವುದರಿಂದ ಆಕೃತಿ ಆಳಿನ ಗಾತ್ರಕ್ಕೆ ಸಮೀಪವಾಗಿದೆ. ಪುಸ್ತಕಗಳಲ್ಲಿ ಅಂಗೈಯಷ್ಟಗಲಕ್ಕೆ ಕುಗ್ಗಿಸಿದ ಮುದ್ರಿತ ಪ್ರತಿಯನ್ನು ನೋಡಿದವರಿಗೆ ಮುಖವೊಂದೇ ಎದ್ದು ಕಾಣುತ್ತದೆ. ಕಂದುಬಣ್ಣಗಳು ಮಸಿಯಲ್ಲಿ ಒಂದಕ್ಕೊಂದು ಬೆರೆತು ದೇಹವೆಲ್ಲ ಕತ್ತಲಾಗುತ್ತದೆ. ಈ ಚಿತ್ರದ ವಿಚಾರದಲ್ಲಿ ಮುಖದ ಚರ್ಚೆಯೇ ಅತಿಯಾಗಿ ನಡೆದಿರುವುದಕ್ಕೆ ಮುದ್ರಣಾಲಯವೂ ಒಂದು ಕಾರಣವಿದ್ದೀತು. ನಿಜಗಾತ್ರವನ್ನು ಕಲ್ಪಿಸಿಕೊಂಡು ನೋಡಿದರೆ ಮೊದಲು ಮೈಮೇಲೆ ಬರುವುದು ಭಾರ. ಕಂದುಬಣ್ಣದ ದಪ್ಪ ಉಡುಪಿನೊಳಗೆ ಒಂದು ದೊಡ್ಡ ದೇಹ ಮುಂದಕ್ಕೆ ಬಾಗಿ ಕುಳಿತಿದೆ. ಹೆಗಲಿನಿಂದ ಇಳಿದ ಎರಡು ಇಳಿಜಾರುಗಳು ಮಂಡಿಗಳಲ್ಲಿ ಬಂದು ನಿಲ್ಲುತ್ತವೆ. ತಳ ಅಗಲ, ತುದಿ ಕಿರಿದು. ಹಿನ್ನೆಲೆಯಲ್ಲಿ ಕಾವಿ-ಕೆಂಪು ಛಾಯೆಗಳ ಬರಿಯ ಗೋಡೆ, ಕುರ್ಚಿಯ ಬಾಗಿದ ಅಂಚಿನ ಸುಳಿವು. ಕೋಣೆಯೆಂದು ಹೇಳಲು ಅಷ್ಟೇ. ಕತ್ತಿನ ಬಳಿ ಬಿಳಿಯ ವಸ್ತ್ರ, ಅದರ ನಡುವೆ ಒಂದು ಪದಕ. ಇಡೀ ಚಿತ್ರದಲ್ಲಿ ಬೆಳಕು ಎನ್ನಬಹುದಾದುದು ಮೂರೇ ಕಡೆ ಇದೆ: ಆ ವಸ್ತ್ರದಲ್ಲಿ, ಮುಖದಲ್ಲಿ, ಕೈಗಳಲ್ಲಿ.

ಹೀಗೆ ಕುಳಿತ ಇನ್ನೊಬ್ಬ ವ್ಯಕ್ತಿ ಆಗಲೇ ಪ್ಯಾರಿಸಿನಲ್ಲಿದ್ದನು. ಆತ ಲೂವ್ರ್ ವಸ್ತುಸಂಗ್ರಹಾಲಯದ ಗೋಡೆಯ ಮೇಲಿದ್ದನು. ಆಂಗ್ರ್ ೧೮೩೨ರಲ್ಲಿ ಬರೆದ ಪತ್ರಿಕೋದ್ಯಮಿ ಲೂಯಿ ಫ್ರಾಂಸ್ವಾ ಬೆರ್ತೇನನ ಭಾವಚಿತ್ರಕ್ಕೂ ಸ್ಟೈನಳ ಭಾವಚಿತ್ರಕ್ಕೂ ಇರುವ ಸಾಮ್ಯವನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಲ್ಲಿಯೂ ಅಗಲವಾದ ಮೈ, ಮುಂದಕ್ಕೆ ಚಾಚಿದ ಬಾಗು, ತೊಡೆಯ ಮೇಲೆ ಊರಿದ ಕೈಗಳು, ಕಂದು ಹಿನ್ನೆಲೆ. ಆಂಗ್ರನೂ ಬೆರ್ತೇನನನ್ನು ಹೇಗೆ ಕೂರಿಸಬೇಕೆಂದು ತಿಳಿಯದೆ ಕಂಗೆಟ್ಟಿದ್ದನೆಂದೂ, ಮಾತುಕತೆಯ ನಡುವೆ ಆತ ತನಗೆ ತಾನೇ ಹಾಗೆ ಕುಳಿತುದನ್ನು ಕಂಡು ಆ ಭಂಗಿಯನ್ನು ಹಿಡಿದನೆಂದೂ ಪ್ರತೀತಿಯಿದೆ. ಪಿಕಾಸೋ ಆ ಭಂಗಿಯನ್ನು ತಂದನೆಂದು ಹೇಳಿ ನಿಲ್ಲಿಸಿದರೆ ಸಾಲದು. ಯಾರಿಗೆ ತಂದನೆಂಬುದು ಮುಖ್ಯ. ಬೆರ್ತೇನ್ ಅಧಿಕಾರ, ಹಣ, ಅಭಿಪ್ರಾಯ ಮೂರೂ ಇದ್ದ ಗಂಡಸು; ಆತನ ಕೈಗಳು ಉಗುರು ಚಾಚಿದ ಹದ್ದಿನ ಕಾಲುಗಳಂತೆ ತೊಡೆಯನ್ನು ಹಿಡಿದಿವೆ. ಆ ಆಸನವನ್ನು ಪಿಕಾಸೋ ಮೂವತ್ತೆರಡರ ಆಸುಪಾಸಿನ, ಇನ್ನೂ ಒಂದು ಪುಸ್ತಕವನ್ನೂ ಪ್ರಕಟಿಸದ ಹೆಂಗಸಿಗೆ ಕೊಟ್ಟಿದ್ದಾನೆ.

ಕೊಟ್ಟುದಷ್ಟೇ ಅಲ್ಲ, ಕೈಗಳನ್ನು ಬದಲಿಸಿಯೂ ಇದ್ದಾನೆ. ಸ್ಟೈನಳ ಒಂದು ಕೈ ತೊಡೆಯ ಮೇಲೆ ಊರಿದೆ, ಇನ್ನೊಂದು ಮಂಡಿಯ ಬಳಿ ಸಡಿಲವಾಗಿ ಇಳಿಬಿದ್ದಿದೆ. ಅವು ಏನನ್ನೂ ಹಿಡಿದಿಲ್ಲ, ಏನನ್ನೂ ಆಳುತ್ತಿಲ್ಲ. ಮೃದುವಾದ ಕುಂಚದಿಂದ, ಅಂಚುಗಳನ್ನು ಕರಗಿಸಿ, ಬಹಳ ಹೊತ್ತು ನೋಡಿ ಬರೆದ ಕೈಗಳು ಅವು. ಆ ವರ್ಷಗಳ ಗುಲಾಬಿ ಛಾಯೆಯ ಚಿತ್ರಗಳ ಕೋಮಲತೆ ಇನ್ನೂ ಅವುಗಳಲ್ಲಿ ಉಳಿದಿದೆ. ಕುಳಿತವಳು ಕೈಗಳ ಪರಿವೆಯನ್ನೇ ಬಿಟ್ಟಿರುವಳೆಂಬುದನ್ನು ನೋಡಿದೊಡನೆ ಅರಿಯಬಹುದು. ಮಾತಿಗೆ ಕಿವಿಗೊಟ್ಟವರ, ಅಥವಾ ತಮ್ಮೊಳಗೆ ಒಂದು ವಾಕ್ಯವನ್ನು ಕಟ್ಟುತ್ತಿರುವವರ ಕೈಗಳು ಹೀಗಿರುತ್ತವೆ.

ಈ ಬರಿಗೈಗಳ ವಿಶೇಷ ತಿಳಿಯಬೇಕಾದರೆ ಫ್ಲ್ಯೂರಸ್ ಬೀದಿಯ ೨೭ನೆಯ ನಂಬರಿನ ಮನೆಯೊಳಗೆ ಹೋಗಬೇಕು. ಗರ್ಟ್ರೂಡಳೂ ಆಕೆಯ ಸೋದರ ಲಿಯೋ ಸ್ಟೈನನೂ ಅಲ್ಲಿ ವಾಸವಾಗಿದ್ದು ಹೊಸ ಚಿತ್ರಗಳನ್ನು ಕೊಳ್ಳುತ್ತಿದ್ದರು. ೧೯೦೪ರಲ್ಲಿ ಅವರು ಸೆಜಾನ್ ಬರೆದ ತನ್ನ ಹೆಂಡತಿಯ ಚಿತ್ರವೊಂದನ್ನು ಕೊಂಡರು. ಅದರಲ್ಲಿ ಆ ಹೆಂಗಸು ಕೆಂಪು ಕುರ್ಚಿಯಲ್ಲಿ ಕುಳಿತು ಬೀಸಣಿಗೆಯನ್ನು ಹಿಡಿದಿದ್ದಾಳೆ. ೧೯೦೫ರ ಶರತ್ಕಾಲದ ಪ್ರದರ್ಶನದಲ್ಲಿ ಜನರ ನಗೆಗೂ ಕೋಪಕ್ಕೂ ಗುರಿಯಾಗಿದ್ದ ಮಾತೀಸನ ಟೋಪಿ ಧರಿಸಿದ ಹೆಂಗಸಿನ ಚಿತ್ರವನ್ನು ಕೊಂಡರು. ಅದರಲ್ಲಿಯೂ ಕೈಗವಸು, ಬೀಸಣಿಗೆ ಇವೆ. ಸೆಜಾನನಾಗಲಿ ಮಾತೀಸನಾಗಲಿ ಬಣ್ಣದಲ್ಲಿಯೂ ರಚನೆಯಲ್ಲಿಯೂ ಎಷ್ಟೇ ಕ್ರಾಂತಿ ಮಾಡಿದ್ದರೂ, ಕುಳಿತ ಹೆಂಗಸಿನ ಕೈಗೆ ಒಂದು ಬೀಸಣಿಗೆ ಬೇಕೆಂಬ ವಾಡಿಕೆಯನ್ನು ಮುಟ್ಟಲಿಲ್ಲ. ಮಾತೀಸನ ಆ ಚಿತ್ರ ಬಂದು ಸೇರಿದ ಚಳಿಗಾಲದಲ್ಲಿಯೇ ಪಿಕಾಸೋ ತನ್ನ ಕೆಲಸ ಮಾಡಿದ್ದು. ಆ ಮನೆಗೆ ಆತ ಬಂದು ಹೋಗುತ್ತಿದ್ದವನು. ಹಸಿರು ಕೆಂಪು ನೀಲಿಗಳ ಮಾತೀಸನಿಗೆ ಆತ ಬರಿಯ ಕಂದಿನಿಂದ ಉತ್ತರ ಕೊಟ್ಟನೆಂಬುದು ಎಲ್ಲರಿಗೂ ತೋರುವಂಥದು. ಬೀಸಣಿಗೆಗಳಿಗೆ ಬರಿಗೈಗಳಿಂದ ಕೊಟ್ಟ ಉತ್ತರ ಅದಕ್ಕಿಂತ ದೊಡ್ಡದು.

ಹಾಗಾದರೆ ಮುಖ? ಅಲ್ಲಿಗೆ ಬಂದೊಡನೆ ಕುಂಚದ ರೀತಿಯೇ ಬೇರೆಯಾಗುತ್ತದೆ. ಹುಬ್ಬುಗಳು ಬಾಚಿಯಿಂದ ಕೆತ್ತಿದಂತೆ ನಿಶಿತವಾಗಿವೆ. ರೆಪ್ಪೆಗಳು ದಪ್ಪ; ಎರಡು ಕಣ್ಣುಗಳೂ ಒಂದೇ ಅಳತೆಯವಲ್ಲ, ಒಂದೇ ನೇರದಲ್ಲಿಯೂ ಇಲ್ಲ. ಮೂಗು ಕಡಿದಂತೆ ನೆಟ್ಟಗೆ, ತುಟಿ ಮುಚ್ಚಿದ ಒಂದು ಗೆರೆ. ಮುಖದ ಅಂಚು ಕೂದಲಿನಿಂದ ಬೇರ್ಪಟ್ಟು, ಇನ್ನೊಂದು ವಸ್ತುವಿನಿಂದ ಮಾಡಿ ತಂದು ಕೂಡಿಸಿದಂತೆ ತೋರುತ್ತದೆ. ನೋಟ ನಮ್ಮ ಕಡೆಗಿಲ್ಲ. ನಮ್ಮ ಪಕ್ಕದಿಂದ ಹಾಯ್ದು ಹೋಗುತ್ತದೆ. ಕೈಗಳನ್ನು ಬರೆದವನೇ ಈ ಮುಖವನ್ನೂ ಬರೆದನೆಂಬುದನ್ನು ಕೇವಲ ಚಿತ್ರದ ಸಾಕ್ಷ್ಯದಿಂದ ಹೇಳುವುದು ಕಷ್ಟ. ನಡುವೆ ಒಂದು ಬೇಸಗೆ ಕಳೆದಿದೆ.

ಆ ಬೇಸಗೆಯ ಚರಿತ್ರೆ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ೧೯೦೬ರಲ್ಲಿ ಲೂವ್ರಿನಲ್ಲಿ ಸ್ಪೇನಿನ ಒಸೂನಾ ಮುಂತಾದೆಡೆಗಳಲ್ಲಿ ದೊರೆತ ಕ್ರಿಸ್ತಪೂರ್ವ ಕಾಲದ ಐಬೀರಿಯನ್ ಶಿಲ್ಪಗಳು ಪ್ರದರ್ಶಿತವಾಗಿದ್ದವು. ಪಿಕಾಸೋ ಅವನ್ನು ಕಂಡಿದ್ದನು. ಅನಂತರ ಆತ ಫೆರ್ನಾಂದಳೊಡನೆ ಪಿರನೀಸ್ ಪರ್ವತಗಳ ನಡುವಣ ಗೊಸೊಲ್ ಎಂಬ ಕತಲಾನ್ ಹಳ್ಳಿಗೆ ಹೋದನು. ಅಲ್ಲಿ ಇಳಿದುಕೊಂಡಿದ್ದ ವಸತಿಗೃಹದ ಯಜಮಾನ, ವಯೋವೃದ್ಧ ಜೋಸೆಪ್ ಫೊಂತ್‌ದೆವಿಲನ ಮುಖವನ್ನು ಮತ್ತೆ ಮತ್ತೆ ಬರೆದನು. ಚರ್ಮ ಮೂಳೆಗೆ ಅಂಟಿದ ಆ ಮುಖ ಗೆರೆಯಿಂದ ಗೆರೆಗೆ ಶಿಲೆಯಂತಾಗುತ್ತ ಬಂತು. ಪ್ಯಾರಿಸಿಗೆ ಹಿಂದಿರುಗಿ, ಇಟಲಿಗೆ ಹೋಗಿದ್ದ ಸ್ಟೈನ್ ಮತ್ತೆ ತನ್ನೆದುರಿಗೆ ಬಂದು ಕೂರುವ ಮೊದಲೇ, ತಲೆಯನ್ನು ಮುಗಿಸಿದನು. ಅದೇ ವರ್ಷದ, ಈಗ ಫಿಲಡೆಲ್ಫಿಯಾದಲ್ಲಿರುವ ತನ್ನ ಸ್ವಂತ ಚಿತ್ರಕ್ಕೂ ಆತ ಹೆಚ್ಚು ಕಡಿಮೆ ಇದೇ ಬಗೆಯ ಮುಖವನ್ನು ಕೊಟ್ಟನು. ಮರುವರ್ಷ, ೧೯೦೭ರಲ್ಲಿ, ‘ಅವಿನ್ಯೋನಿನ ತರುಣಿಯರು’ ಬಂತು.

ಕಲೆಯ ಇತಿಹಾಸಕಾರರಿಗೆ ಈ ಸರಪಣಿ ಬಹಳ ಪ್ರಿಯ. ಐಬೀರಿಯನ್ ಶಿಲೆ, ಗೊಸೊಲಿನ ಮುದುಕ, ಸ್ಟೈನಳ ತಲೆ, ‘ತರುಣಿಯರು’, ಘನಚಿತ್ರಪಂಥ: ಒಂದರಿಂದ ಒಂದಕ್ಕೆ ಮೆಟ್ಟಿಲು. ಇದರಲ್ಲಿ ಸುಳ್ಳಿಲ್ಲ. ಆದರೆ ಈ ವಿವರಣೆಯಲ್ಲಿ ಎರಡು ದೋಷಗಳಿವೆ. ಆಕರ ಸಿಕ್ಕಿದೊಡನೆ ಅರ್ಥ ಸಿಕ್ಕಿತೆಂಬ ಭ್ರಮೆ ಒಂದು. ಪಂಪಭಾರತಕ್ಕೆ ವ್ಯಾಸಭಾರತ ಆಕರವೆಂದು ತಿಳಿದ ಮಾತ್ರಕ್ಕೆ ಪಂಪನ ಕರ್ಣನು ತಿಳಿಯುವುದಿಲ್ಲವಷ್ಟೆ. ಕಲ್ಲಿನ ಮುಖ ಎಲ್ಲಿಂದ ಬಂತೆಂಬುದು ಗೊತ್ತಾದರೂ, ಅದು ಈ ಮೈಯ ಮೇಲೆ, ಈ ಕೈಗಳ ಜೊತೆಗೆ ಏಕೆ ನಿಲ್ಲುತ್ತದೆಂಬುದು ಹಾಗೆಯೇ ಉಳಿಯುತ್ತದೆ. ಎರಡನೆಯ ದೋಷ ಇನ್ನೂ ಗಂಭೀರವಾದುದು: ಚಿತ್ರದಲ್ಲಿರುವ ಹೆಂಗಸು ಯಾರಾದರೂ ಆಗಿರಬಹುದಿತ್ತೆಂಬಂತೆ ಈ ವಾದ ನಡೆಯುತ್ತದೆ. ಆಕೆ ಒಂದು ಶೈಲಿಯ ಹುಟ್ಟಿಗೆ ಒದಗಿದ ಪೀಠ ಮಾತ್ರವಾಗುತ್ತಾಳೆ.

ಈ ಮುಖವನ್ನು ‘ಮುಖವಾಡ’ವೆಂದು ಕರೆಯುವ ರೂಢಿಯೂ ಬಂದುಬಿಟ್ಟಿದೆ. ಕನ್ನಡದಲ್ಲಿ ಆ ಮಾತು ಮರೆಯನ್ನೂ ಸೋಗನ್ನೂ ಹೇಳುತ್ತದೆ. ಕೆಳಗೆ ನಿಜವಾದ ಮುಖವೊಂದಿದ್ದು ಮೇಲೆ ಅದನ್ನು ಮುಚ್ಚಿದೆಯೆಂಬ ಅರ್ಥ ತಾನಾಗಿ ಬರುತ್ತದೆ. ಚಿತ್ರದಲ್ಲಿ ಹಾಗಿಲ್ಲ. ಆ ಅಸಮವಾದ ಕಣ್ಣುಗಳು ಮುಖವಾಡದ ತೂತುಗಳಲ್ಲ. ದಪ್ಪ ರೆಪ್ಪೆಯ ಕೆಳಗೆ ನೋಟ ಸಜೀವವಾಗಿದೆ, ಒಂದು ಕಣ್ಣು ಹೊರಗೂ ಒಂದು ಒಳಗೂ ನೋಡುವಂತಿದೆ. ಮುಚ್ಚಿದ್ದರೆ ಮುಚ್ಚಿದುದು ಮುಖದ ಕ್ಷಣಿಕ ಭಾವಗಳನ್ನು ಮಾತ್ರ.

ಇಲ್ಲಿ ನಮ್ಮ ಭಾಷೆಯ ಒಂದು ಪದವೇ ವಿಚಾರಕ್ಕೆ ಎಡೆಮಾಡುತ್ತದೆ. ಕನ್ನಡದಲ್ಲಿ ವ್ಯಕ್ತಿಯ ಯಾವ ಚಿತ್ರವಾದರೂ ‘ಭಾವಚಿತ್ರ’ವೇ, ಅರ್ಜಿಗೆ ಅಂಟಿಸುವ ಅಂಗುಲದಷ್ಟಗಲದ ಫೋಟೋ ಕೂಡ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಈ ಮಾತಿಗೆ ಇಷ್ಟು ಸಡಿಲವಾದ ಬಳಕೆಯಿಲ್ಲ. ಕನ್ನಡಿಯೊಳಗಿನ ಬಿಂಬದಂತೆ ಹೋಲಿಕೆಯನ್ನು ತೋರುವುದನ್ನು ಅಲ್ಲಿ ವಿದ್ಧಚಿತ್ರವೆಂದು ಕರೆದಿದೆ. ಅಂಥ ಹೋಲಿಕೆಯ ಹಂಗಿಲ್ಲದೆ ಆಕಾರಮಾತ್ರದಿಂದ ಸಿದ್ಧವಾಗುವುದು ಅವಿದ್ಧ. ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳು ಮನಸ್ಸಿಗೆ ಬರುವಂತೆ ಬರೆದುದು ಭಾವಚಿತ್ರ. ಈ ವಿಂಗಡಣೆಯನ್ನು ಇಪ್ಪತ್ತನೆಯ ಶತಮಾನದ ಪ್ಯಾರಿಸಿಗೆ ಒಯ್ದು ಹೊಂದಿಸುವುದು ಪಾಂಡಿತ್ಯದ ಚೇಷ್ಟೆಯಾದೀತು. ಆದರೂ ಅದರ ಬೆಳಕಿನಲ್ಲಿ ಒಂದು ಸಂಗತಿ ನಿಚ್ಚಳವಾಗುತ್ತದೆ. ಸ್ಟೈನಳ ಚಿತ್ರದ ಮೈಕೈಗಳು ವಿದ್ಧ. ಎದುರಿಗೆ ಕೂರಿಸಿಕೊಂಡು, ತಿಂಗಳುಗಟ್ಟಲೆ ನೋಡಿ ಬರೆದವು. ಮುಖ ಅವಿದ್ಧದ ಕಡೆಗೆ ಸರಿದಿದೆ. ಭಾವ ಎಲ್ಲಿದೆಯೆಂದರೆ, ಸಾಮಾನ್ಯವಾಗಿ ಅದನ್ನು ಹುಡುಕುವ ಮುಖದಲ್ಲಲ್ಲ, ಬಾಗಿದ ಬೆನ್ನಿನಲ್ಲಿದೆ. ಚಿತ್ರಕಾರನು ನೋಡಿದುದನ್ನೂ ನೆನೆದುದನ್ನೂ ಒಂದೇ ಪಟದ ಮೇಲೆ ಇಟ್ಟು, ನಡುವಣ ಬೆಸುಗೆಯನ್ನು ಉಜ್ಜಿ ಮರೆಮಾಡದೆ ಬಿಟ್ಟಿದ್ದಾನೆ. ಮೈಯನ್ನೂ ಹೊಸ ರೀತಿಯಲ್ಲಿ ತಿದ್ದಿ ಬರೆದು ಎಲ್ಲವನ್ನೂ ಒಂದಾಗಿಸುವುದು ಆತನಿಗೆ ಒಂದು ವಾರದ ಕೆಲಸ. ಮಾಡಲಿಲ್ಲ.

ಈ ಬಿಡುವಿಕೆಯಲ್ಲಿಯೇ ಕೃತಿಯ ಸತ್ಯವಿದೆಯೆಂದು ತೋರುತ್ತದೆ. ದಿನದಿನವೂ ಎದುರಿಗಿರುವವರ ಮುಖ ನಮಗೆ ಸರಿಯಾಗಿ ಕಾಣುವುದಿಲ್ಲ; ಅದು ಗಳಿಗೆಗೊಮ್ಮೆ ಬದಲಾಗುತ್ತದೆ, ನಗುತ್ತದೆ, ದಣಿಯುತ್ತದೆ, ಕೇಳುತ್ತದೆ. ದೂರ ಹೋದಾಗ ಆ ಬದಲಾವಣೆಗಳೆಲ್ಲ ಉದುರಿ ಒಂದೇ ಮುಖ ನೆನಪಿನಲ್ಲಿ ನಿಲ್ಲುತ್ತದೆ. ಊರನ್ನೂ ಮನೆಯವರನ್ನೂ ಬಿಟ್ಟು ದೂರದ ನಗರಗಳಲ್ಲಿ ಬದುಕುವವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೈಗಳ ನೆನಪು ಅಂಥದಲ್ಲ. ಕೈಗಳನ್ನು ನೋಡಲು ಅವು ಎದುರಿಗೇ ಇರಬೇಕು. ಪಿಕಾಸೋ ಸಿಡುಕಿ ಆಡಿದನೆನ್ನಲಾದ ಮಾತು, ನೋಡಿದರೆ ಆಕೆ ಕಾಣುವುದಿಲ್ಲವೆಂಬುದು, ಕೋಪದ ಮಾತಾಗಿರದೆ ಅಕ್ಷರಶಃ ನಿಜವಾಗಿದ್ದಿರಬಹುದು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಸ್ಟೈನಳನ್ನು ಬಲ್ಲವರು ಆಕೆಯ ತುಂಬುನಗೆಯನ್ನು ನೆನೆಯದೆ ಬಿಟ್ಟಿಲ್ಲ. ಈ ಚಿತ್ರದಲ್ಲಿ ನಗೆಯ ಸುಳಿವೇ ಇಲ್ಲ. ನಗಬಲ್ಲ ಬಾಯಿಯೂ ಅಲ್ಲ ಅದು. ಕೋಣೆಯೊಳಗೆ ಹರಟೆ ಹೊಡೆದ, ಫೆರ್ನಾಂದ್ ಓದುವುದನ್ನು ಕೇಳಿದ ಹೆಂಗಸು ಕೈಗಳಲ್ಲಿ ಉಳಿದಳು, ಮುಖದಲ್ಲಿ ಉಳಿಯಲಿಲ್ಲ. ಇದನ್ನು ನಷ್ಟವಲ್ಲವೆಂದು ಸಾಧಿಸಹೊರಡುವ ಅಭಿಮಾನಿಗಳ ವಾದ ಒಪ್ಪತಕ್ಕದ್ದಲ್ಲ.

ನಷ್ಟದ ಅಳತೆ ತಿಳಿಯಲು ಇನ್ನೊಂದು ಚಿತ್ರ ಒದಗಿ ಬಂದಿದೆ. ೧೯೦೭ರಲ್ಲಿ ಸ್ವಿಟ್ಜರ್ಲೆಂಡಿನ ಫೆಲಿಕ್ಸ್ ವಾಲತೋನ್ ಇದೇ ಸ್ಟೈನಳನ್ನು ಬರೆದನು. ಆ ಚಿತ್ರ ಬಾಲ್ಟಿಮೋರಿನಲ್ಲಿದೆ. ವಾಲತೋನನ ವಿಧಾನ ಸ್ಟೈನಳಿಗೆ ತಮಾಷೆಯಾಗಿ ತೋರಿತು: ಆತ ಪಟದ ಮೇಲಂಚಿನಿಂದ ಆರಂಭಿಸಿ ಅಡ್ಡಡ್ಡವಾಗಿ ಬರೆಯುತ್ತ, ಪರದೆಯನ್ನು ನಿಧಾನವಾಗಿ ಇಳಿಬಿಟ್ಟಂತೆ, ಕೆಳಗಿನ ತನಕ ಬಂದನಂತೆ. ಅಲ್ಲಿಯೂ ಕಂದು ನಿಲುವಂಗಿ, ಅಲ್ಲಿಯೂ ದೊಡ್ಡ ಮೈ. ತಲೆಯಿಂದ ಕೈಯವರೆಗೆ ಒಂದೇ ನೋಟ, ಒಂದೇ ಕಾಲ, ಒಂದೇ ನಯ. ಪರಿಚಿತರು ಇದು ಸ್ಟೈನಳೇ ಎಂದು ತಕ್ಷಣ ಹೇಳಬಹುದಾದ ಚಿತ್ರ. ಆದರೆ ವಾಲತೋನನ ಸ್ಟೈನ್ ಕುಳಿತಿದ್ದಾಳೆ, ಅಷ್ಟೇ. ಪಿಕಾಸೋವಿನ ಸ್ಟೈನ್ ಇನ್ನೇನು ಬಾಯಿ ತೆರೆಯುವಳು, ಅಥವಾ ಎದುರಿನವನು ತಪ್ಪಾಡಿದರೆ ಹಿಡಿಯುವಳು. ಬೆಸುಗೆಯಿಲ್ಲದ ಚಿತ್ರದಲ್ಲಿ ಆ ಬಿಗಿಯೂ ಇಲ್ಲ.

ಕುಳಿತವಳು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಳೆಂಬುದನ್ನು ಚಿತ್ರಕಲೆಯ ಗ್ರಂಥಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಸ್ಟೈನ್ ಆಗ ‘ಮೂರು ಜೀವಗಳು’ ಎಂಬ ತನ್ನ ಕಥಾಗ್ರಂಥವನ್ನು ಬರೆಯುತ್ತಿದ್ದಳು; ಅದು ೧೯೦೯ರಲ್ಲಿ ಅಚ್ಚಾಯಿತು. ಸೆಜಾನನ ಆ ಬೀಸಣಿಗೆಯ ಹೆಂಗಸಿನ ಚಿತ್ರವನ್ನು ನೋಡುತ್ತ ಅದನ್ನು ಬರೆದೆನೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಅದರ ನಡುವಣ ದೊಡ್ಡ ಕಥೆಯಾದ ‘ಮೆಲಾಂಕ್ತಾ’ ಪಿಕಾಸೋವಿನ ಮುಂದೆ ಕುಳಿತಿದ್ದ ತಿಂಗಳುಗಳಲ್ಲಿ ರೂಪುಗೊಂಡಿತು; ಕುಳಿತಾಗಲೂ, ಆ ಗುಡ್ಡವಿಳಿದು ಪ್ಯಾರಿಸನ್ನು ಅಡ್ಡಹಾಯ್ದು ಮನೆಗೆ ನಡೆಯುವಾಗಲೂ ಆಕೆ ವಾಕ್ಯಗಳನ್ನು ಕಟ್ಟುತ್ತಿದ್ದಳು. ಹೆಂಗಸೊಬ್ಬಳ ಬಾಳನ್ನು, ಹೇಳಿದುದನ್ನೇ ಸ್ವಲ್ಪ ಸ್ವಲ್ಪ ಬದಲಿಸಿ ಮತ್ತೆ ಹೇಳುತ್ತ, ಬರೆಯುವ ವಿಧಾನವನ್ನು ಆಕೆ ಅಲ್ಲಿ ಕಂಡುಕೊಂಡಳು. ಅಂದರೆ ಆ ಕೋಣೆಯಲ್ಲಿ ಒಂದೇ ಕಾಲಕ್ಕೆ ಎರಡು ಭಾವಚಿತ್ರಗಳು ಸಿದ್ಧವಾಗುತ್ತಿದ್ದವು. ಒಂದು ಕುರ್ಚಿಯ ಎದುರಿಗೆ, ಒಂದು ಕುರ್ಚಿಯ ಮೇಲೆ. ಬಾಗಿದ ಬೆನ್ನಿನ, ಮರೆತ ಕೈಗಳ ಅರ್ಥ ಇಲ್ಲಿ ಪೂರ್ಣವಾಗುತ್ತದೆ. ಪಿಕಾಸೋ ಅಷ್ಟು ದಿನ ನೋಡಿದುದು ಕೆಲಸದಲ್ಲಿ ತೊಡಗಿದ್ದ ಒಬ್ಬ ಲೇಖಕಿಯನ್ನು. ಆತನಿಗೆ ಇಂಗ್ಲಿಷು ಬಾರದು. ಆಕೆ ಏನು ಬರೆಯುತ್ತಿದ್ದಳೆಂಬುದನ್ನು ಓದಿ ತಿಳಿಯುವ ದಾರಿಯಿರಲಿಲ್ಲ. ಮೈಯನ್ನು ನೋಡಿಯೇ ತಿಳಿಯಬೇಕಾಗಿತ್ತು.

ಆಕೆ ಆ ಋಣವನ್ನು ಅಕ್ಷರಗಳಲ್ಲಿ ತೀರಿಸಿದಳು. ಆಕೆ ಬರೆದ ಪಿಕಾಸೋವಿನ ಶಬ್ದಚಿತ್ರ ೧೯೧೨ರಲ್ಲಿ ನ್ಯೂಯಾರ್ಕಿನ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ಬಂತು. ಎರಡನೆಯ ಶಬ್ದಚಿತ್ರವೊಂದು ೧೯೨೪ರಲ್ಲಿ. ಅವುಗಳಲ್ಲಿ ಚಿತ್ರಕಾರನ ಮೂಗಿಲ್ಲ, ಕಣ್ಣಿಲ್ಲ. ಕೆಲಸ ಮಾಡುತ್ತಲೇ ಇರುವವನೊಬ್ಬನ ಲಯ ಮಾತ್ರ ಇದೆ.

ಚಿತ್ರವನ್ನು ಪಿಕಾಸೋ ಆಕೆಗೆ ಸುಮ್ಮನೆ ಕೊಟ್ಟನು. ಎಷ್ಟು ಹಣ ತೆತ್ತಿರೆಂದು ಮುಂದೊಮ್ಮೆ ಸಂಗ್ರಾಹಕನೊಬ್ಬನು ಕೇಳಿ, ಏನೂ ಇಲ್ಲವೆಂದಾಗ ನಂಬಲಾರದಾದನಂತೆ. ಆಗಿನ ದಿನಗಳಲ್ಲಿ ಮಾರಿದುದಕ್ಕೂ ಕೊಟ್ಟುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲವೆಂಬುದು ಆತನಿಗೆ ತಿ಼ಳಿಯದೆಂದು ಪಿಕಾಸೋ ನಕ್ಕನೆಂದು ಸ್ಟೈನ್ ಬರೆಯುತ್ತಾಳೆ. ಸ್ಟೈನರು ೧೯೦೫ರಲ್ಲಿ ಕೊಂಡಿದ್ದ ಪಿಕಾಸೋವಿನ ಹೂಬುಟ್ಟಿಯ ಹುಡುಗಿಯ ಚಿತ್ರ ೨೦೧೮ರ ಹರಾಜಿನಲ್ಲಿ ಹನ್ನೊಂದೂವರೆ ಕೋಟಿ ಡಾಲರಿಗೆ ಹೋಯಿತು. ಗರ್ಟ್ರೂಡಳಿಗೆ ಆ ಹುಡುಗಿಯ ಕಾಲುಗಳು ಮೊದಲು ಹಿಡಿಸಿಯೇ ಇರಲಿಲ್ಲ.

ತನ್ನ ಚಿತ್ರದ ಮಾತು ಬೇರೆ. ತನ್ನನ್ನು ತಾನಾಗಿ ತೋರಿಸುವುದು ಅದೊಂದೇ ಎಂಬರ್ಥದಲ್ಲಿ ಆಕೆ ೧೯೩೮ರ ತನ್ನ ಪುಸ್ತಕದಲ್ಲಿ ಬರೆದಳು. ಚಿತ್ರದಂತಾಗುವಳೆಂಬ ಭವಿಷ್ಯ ನಿಜವಾಯಿತೆಂದು ಹೇಳುವವರು ೧೯೨೨ರಲ್ಲಿ ಮ್ಯಾನ್ ರೇ ತೆಗೆದ ಛಾಯಾಚಿತ್ರವನ್ನು ತೋರಿಸುತ್ತಾರೆ. ಸ್ಟೈನ್ ಆ ಚಿತ್ರದ ಬಳಿಯೇ ಕುಳಿತಿದ್ದಾಳೆ. ಸಾಮ್ಯವಿದೆ, ಆದರೆ ಕ್ಯಾಮೆರಾದ ಮುಂದೆ ಹೇಗೆ ಕೂರಬೇಕೆಂಬುದು ಆ ಹೊತ್ತಿಗೆ ಆಕೆಗೆ ಚೆನ್ನಾಗಿ ಗೊತ್ತಿತ್ತೆಂಬುದನ್ನೂ ಗಮನಿಸಬೇಕು. ಕೆಲವು ವರ್ಷಗಳ ತರುವಾಯ ಆಕೆ ತನ್ನ ಉದ್ದನೆಯ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಾಗ ಪಿಕಾಸೋ ದೂರದಿಂದ ನೋಡಿ, ತನ್ನ ಚಿತ್ರದ ಗತಿಯೇನೆಂದು ಗಾಬರಿಯಾದನಂತೆ. ಹತ್ತಿರ ಬಂದು ಒಂದು ಗಳಿಗೆ ದಿಟ್ಟಿಸಿ, ಆದರೂ ಎಲ್ಲವೂ ಅಲ್ಲಿಯೇ ಇದೆಯೆಂದು ಸಮಾಧಾನ ತಂದುಕೊಂಡನಂತೆ.

೧೯೩೯ರಲ್ಲಿ ಯುದ್ಧ ಆರಂಭವಾದಾಗ ಸ್ಟೈನಳೂ ಟೋಕ್ಲಾಸಳೂ ಹಳ್ಳಿಯ ಮನೆಗೆ ಹೊರಡುವ ಮುನ್ನ ಪ್ಯಾರಿಸಿನ ಗೋಡೆಗಳಿಂದ ಎರಡೇ ಚಿತ್ರಗಳನ್ನು ಇಳಿಸಿ ಜೊತೆಗೆ ಒಯ್ದರು: ಸೆಜಾನನ ಬೀಸಣಿಗೆಯ ಹೆಂಗಸು, ಪಿಕಾಸೋವಿನ ಬರಿಗೈಯ ಹೆಂಗಸು. ಯುದ್ಧದ ವರ್ಷಗಳ ಹೊಟ್ಟೆಪಾಡಿಗಾಗಿ ಸೆಜಾನನದನ್ನು ಮಾರಬೇಕಾಯಿತು. ಅದು ಈಗ ಜೂರಿಕ್ಕಿನಲ್ಲಿದೆ. ಸ್ಟೈನ್ ೧೯೪೬ರ ಜುಲೈ ೨೭ರಂದು ತೀರಿಕೊಂಡಳು. ಉಯಿಲಿನಲ್ಲಿ ಉಳಿದ ಚಿತ್ರಗಳನ್ನು ಟೋಕ್ಲಾಸಳ ಜೀವಮಾನದ ಉಪಯೋಗಕ್ಕೆ ಬಿಟ್ಟು, ತನ್ನ ಭಾವಚಿತ್ರವನ್ನು ಮಾತ್ರ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಬರೆದಿದ್ದಳು.